ಸೂರಿನ ನೀರಿಗೆ ತಾಮ್ರದ ಸರಪಳಿ: ಮೂರು ಮಳೆಗಾಲ ಬಳಸಿದ ಮೇಲೆ

ಸೂರಿನ ದೋಣಿಯಲ್ಲಿ ಕೂಡಿದ ಮಳೆನೀರನ್ನು ನೆಲಕ್ಕಿಳಿಸಲು ಪೈಪಿನ ಬದಲು ತೂಗುಬಿಡುವ ಬಟ್ಟಲು ಸರಪಳಿಯೊಂದನ್ನು ನಾನು ಮೂರು ವರ್ಷಗಳ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಹೆಂಚಿನ ಮನೆ. ಅಜ್ಜನ ಕಾಲದಲ್ಲಿ ಸೂರಿನ ಕೆಳಗೆ ಅಡಿಕೆ ಮರದ ದಂಬೆಯಿತ್ತು. ಆಮೇಲೆ ತಗಡಿನ ದೋಣಿ ಬಂತು, ಅದರ ಜೊತೆಗೆ ನಾಲ್ಕು ಮೂಲೆಗಳಲ್ಲಿ ಬೂದು ಬಣ್ಣದ ಪಿವಿಸಿ ಪೈಪುಗಳೂ ಬಂದವು. ಜಗಲಿಯ ಹಲಸಿನ ಕಂಬದ ಪಕ್ಕದಲ್ಲೇ ಇಳಿಯುವ ಒಂದು ಪೈಪು ಮಾತ್ರ ನನ್ನ ಕಣ್ಣಿಗೆ ಎಂದೂ ಹೊಂದಲಿಲ್ಲ. ಕಂಬದ ಕೆತ್ತನೆಯ ಅರ್ಧವನ್ನು ಅದು ಮರೆಮಾಡುತ್ತಿತ್ತು. ಅದನ್ನು ತೆಗೆದು ಆ ಜಾಗದಲ್ಲಿ ನೋಡಲು ಚೆನ್ನಾಗಿರುವ, ಕೆಲಸವನ್ನೂ ಮಾಡುವ ಏನನ್ನಾದರೂ ಹಾಕಬೇಕೆಂಬ ಆಸೆಯಿಂದಲೇ ಈ ಖರೀದಿ ನಡೆಯಿತು. ಎಂಟೂವರೆ ಅಡಿ ಉದ್ದದ, ಹೂವಿನಾಕಾರದ ಬಟ್ಟಲುಗಳನ್ನು ಒಂದರ ಕೆಳಗೊಂದು ಪೋಣಿಸಿದ ಆ ಸರಪಳಿಗೆ ನಾನು ಕೊಟ್ಟದ್ದು 6,800 ರೂಪಾಯಿ. ಅದೇ ಜಾಗಕ್ಕೆ ಹೊಸ ಪಿವಿಸಿ ಪೈಪು, ಬೆಂಡು, ಕ್ಲಾಂಪು ಎಲ್ಲ ಸೇರಿದರೂ ಇದರ ಕಾಲು ಭಾಗ ಖರ್ಚಾಗುತ್ತಿರಲಿಲ್ಲ.

ಈ ವಸ್ತು ಜಪಾನಿನದು. ಅಲ್ಲಿನ ದೇವಾಲಯಗಳಲ್ಲಿ, ಚಹಾಗೃಹಗಳಲ್ಲಿ ಮತ್ತು ಹಳೆಯ ಮರದ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅದಕ್ಕೆ ಅವರು ಕರೆಯುವ ಹೆಸರು ‘ಕುಸರಿ ದೋಯಿ’. ಕುಸರಿ ಎಂದರೆ ಸರಪಳಿ, ದೋಯಿ ಎಂದರೆ ಮಳೆನೀರಿನ ದೋಣಿ. ನಮ್ಮ ‘ದೋಣಿ’ಗೂ ಅವರ ‘ದೋಯಿ’ಗೂ ಇರುವ ಹೋಲಿಕೆ ಆಕಸ್ಮಿಕವೇ ಆದರೂ ಮೊದಲ ಬಾರಿ ಓದಿದಾಗ ನನಗೆ ಬಹಳ ಸಂತೋಷವಾಗಿತ್ತು. ಕೆಲಸ ಮಾಡುವ ಬಗೆ ಸರಳ. ನೀರಿಗೆ ಲೋಹದ ಮೈಗೆ ಅಂಟಿಕೊಳ್ಳುವ ಗುಣವಿದೆ, ತನ್ನಲ್ಲೇ ಒಗ್ಗೂಡಿ ನಿಲ್ಲುವ ಸೆಳೆತವೂ ಇದೆ. ಹಾಗಾಗಿ ಹದವಾದ ಧಾರೆಯೊಂದು ಸರಪಳಿಯನ್ನು ತಾಗಿದರೆ ಅದು ಗಾಳಿಗೆ ಚದುರದೆ ಲೋಹವನ್ನೇ ಹಿಡಿದುಕೊಂಡು ಇಳಿಯುತ್ತದೆ. ಬಟ್ಟಲುಗಳಿರುವ ಸರಪಳಿಯಲ್ಲಿ ಪ್ರತಿ ಬಟ್ಟಲಿನ ತಳದಲ್ಲೂ ತೂತಿರುತ್ತದೆ. ಮೇಲಿನ ಬಟ್ಟಲು ನೀರನ್ನು ಒಟ್ಟುಮಾಡಿ ಕೆಳಗಿನದರ ನಡುವಿಗೆ ಬಿಡುತ್ತದೆ. ಪೈಪು ನೀರನ್ನು ನಾಲ್ಕೂ ಕಡೆಯಿಂದ ಕಟ್ಟಿಹಾಕಿ ಇಳಿಸಿದರೆ, ಸರಪಳಿ ದಾರಿಯನ್ನಷ್ಟೇ ತೋರಿಸುತ್ತದೆ. ಈ ವ್ಯತ್ಯಾಸವನ್ನು ನಾನು ಕೊಳ್ಳುವ ಮುಂಚೆಯೇ ಸರಿಯಾಗಿ ಯೋಚಿಸಿದ್ದರೆ ಮೊದಲ ವರ್ಷ ಗೋಡೆಗೆ ಎರಡನೇ ಸಲ ಸುಣ್ಣ ಬಳಿಯುವ ಕೆಲಸ ತಪ್ಪುತ್ತಿತ್ತು.

ಮೊದಲು ನಾನು ಅದನ್ನು ತೂಗಿಸಿದ್ದು ದೊಡ್ಡ ಮಾಡಿನ ದೋಣಿಗೆ. ಮಾಡಿನ ಆ ಇಳಿಜಾರು ನೆಲದ ಅಳತೆಯಲ್ಲಿ ನಲವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ, ಎಂದರೆ ಹತ್ತಿರ ಹತ್ತಿರ 67 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಗಂಟೆಗೆ 40 ಮಿಲಿಮೀಟರ್ ಸುರಿಯುವ ಜಡಿಮಳೆಯಲ್ಲಿ ಆ ಇಳಿಜಾರಿನಿಂದ 2,680 ಲೀಟರ್ ಬರುತ್ತದೆ. ದೋಣಿಗೆ ಎರಡು ಬಾಯಿಗಳಿದ್ದುದರಿಂದ ಸರಪಳಿಯ ಪಾಲಿಗೆ ಅದರ ಅರ್ಧ, ಅಂದರೆ ನಿಮಿಷಕ್ಕೆ 22 ಲೀಟರಿನಷ್ಟು. ಆರಿದ್ರಾ ಮಳೆ ಹಿಡಿದ ಮೇಲೆ ಕೆಲವು ನಿಮಿಷಗಳ ಕಾಲ ಇದರ ಎರಡು ಪಟ್ಟು ಬರುವುದು ನಮ್ಮಲ್ಲಿ ಹೊಸದೇನಲ್ಲ. ಮೇ ಕೊನೆಯ ಚದುರು ಮಳೆಗಳಲ್ಲಿ ಬಟ್ಟಲಿನಿಂದ ಬಟ್ಟಲಿಗೆ ಬೆಳ್ಳಿಯ ಎಳೆಯಂತೆ ಇಳಿದ ನೀರು, ಜೂನ್ ಕೊನೆಯ ವಾರದಲ್ಲಿ ಬಟ್ಟಲುಗಳನ್ನು ಲೆಕ್ಕಿಸದೆ ಸುತ್ತಲೂ ಧುಮುಕತೊಡಗಿತು. ಅದಕ್ಕೆ ಪಡುವಣ ಗಾಳಿಯೂ ಸೇರಿ ಎರಚಲು ಜಗಲಿಯ ಒಳಗೋಡೆಯ ತನಕ ಬಂತು. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಗೋಡೆಯನ್ನು ಕಾಯುವುದೇ ಎರಚಲಿನಿಂದ. ಅಂಥ ಕಡೆ ನಾನೇ ಕೈಯಾರೆ ಇನ್ನೊಂದು ಎರಚಲನ್ನು ಸೃಷ್ಟಿಸಿದ್ದೆ. ಸುಣ್ಣದ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಚುಕ್ಕೆಗಳು ಮೂಡಿದವು. ಅವನ್ನು ನನಗೆ ಮೊದಲು ತೋರಿಸಿದ್ದು ಅಮ್ಮ. ಅವರು ಸರಪಳಿಯನ್ನು ದೂರಲಿಲ್ಲ, ಅದನ್ನು ಸಣ್ಣ ಮಾಡಿಗೆ ವರ್ಗಾಯಿಸಲು ಹೇಳಿದರು.

ಆ ಸಲಹೆಯೇ ಈ ಸರಪಳಿಯನ್ನು ಉಳಿಸಿತು. ಪುನರ್ವಸು ಮಳೆಯ ನಡುವೆ ಸಿಕ್ಕ ಒಂದು ಹೊಳವಿನ ದಿನದಲ್ಲಿ ಸರಪಳಿಯನ್ನು ಬಿಚ್ಚಿ, ಜಗಲಿಯ ಮುಂದಿನ ಚಾವಡಿಗೆ ಹಾಕಿದೆವು. ಅದರ ಮಾಡು ಹನ್ನೆರಡು ಅಡಿಗೆ ಎಂಟು ಅಡಿ, ಸುಮಾರು 9 ಚದರ ಮೀಟರ್. ಅದೇ ಜಡಿಮಳೆಯಲ್ಲಿ ಇಲ್ಲಿಂದ ಬರುವುದು ನಿಮಿಷಕ್ಕೆ ಆರು ಲೀಟರ್ ಮಾತ್ರ. ಅಷ್ಟು ನೀರನ್ನು ಈ ಬಟ್ಟಲುಗಳು ಮೂರು ಮಳೆಗಾಲಗಳಿಂದ ಸಲೀಸಾಗಿ ಇಳಿಸಿವೆ. ಮಳೆ ಎರಡು ಪಟ್ಟಾದ ಗಳಿಗೆಯಲ್ಲಿ ಬಟ್ಟಲಿನ ಅಂಚಿನಿಂದ ಸ್ವಲ್ಪ ತುಳುಕಿದರೂ ಅದು ಕೆಳಗಿನ ಬಟ್ಟಲಿನ ಮೇಲೆಯೇ ಬೀಳುತ್ತದೆ. ರಾತ್ರಿ ಜಗಲಿಯ ಮೇಲೆ ಕುಳಿತು ಕಣ್ಣು ಮುಚ್ಚಿದರೆ ಮಳೆಯ ಜೋರನ್ನು ಈ ಸರಪಳಿಯ ದನಿಯಿಂದಲೇ ಹೇಳಬಹುದು. ಹನಿಮಳೆಗೆ ಬಿಡಿಬಿಡಿಯಾದ ಟಿಣ್ ಎಂಬ ಸದ್ದು, ಮಳೆ ಹೆಚ್ಚಿದಂತೆ ಸದ್ದುಗಳೆಲ್ಲ ಕೂಡಿ ಒಂದೇ ಸಮನೆಯ ಗುಣುಗು. ಪೈಪಿನ ಒಳಗಿನ ಗೊಳಗೊಳ ಶಬ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ, ಮತ್ತು ಕೊಟ್ಟ ಹಣದ ಹೆಚ್ಚಿನ ಪಾಲು ನನಗೆ ತೀರಿದ್ದು ಈ ದನಿಯಿಂದ.

ಆದರೆ ಜಾಗ ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಸರಪಳಿಯ ಜೊತೆಗೆ ಬಂದದ್ದು ದೋಣಿಯ ತೂತಿಗೆ ಅಡ್ಡಲಾಗಿ ಕೂರಿಸುವ ಒಂದು ಕಮಾನು ಕೊಕ್ಕೆ ಮಾತ್ರ. ನಮ್ಮ ದೋಣಿಯ ಬಾಯಿ ಮೂರು ಅಂಗುಲದ್ದು, ಹಿಂದೆ ಪೈಪಿಗೆಂದು ಕೊರೆದದ್ದು. ಅಷ್ಟಗಲದ ಬಾಯಿಯ ನಡುವಿಗೆ ಸರಪಳಿ ತೂಗುಬಿದ್ದಾಗ ನೀರು ಬಾಯಿಯ ಅಂಚಿನಿಂದ ಇಳಿದು ಸರಪಳಿಯನ್ನು ತಾಗದೆಯೇ ನೆಲ ಸೇರುತ್ತಿತ್ತು. ಊರಿನ ತಗಡಿನ ಕೆಲಸದವರ ಬಳಿ ಒಂದು ಆಲಿಕೆ ಮಾಡಿಸಿ, ಮೇಲ್ಬಾಯಿ ಮೂರು ಅಂಗುಲ, ಕೆಳಬಾಯಿ ಒಂದೂಕಾಲು ಅಂಗುಲ ಇರುವಂತೆ ದೋಣಿಗೆ ಕೂರಿಸಿದ ಮೇಲೆ ಧಾರೆ ನೇರವಾಗಿ ಮೊದಲ ಬಟ್ಟಲಿಗೆ ಬೀಳತೊಡಗಿತು. 150 ರೂಪಾಯಿಯ ಈ ಆಲಿಕೆಯಿಲ್ಲದೆ 6,800 ರೂಪಾಯಿಯ ಸರಪಳಿ ವ್ಯರ್ಥವೆಂದೇ ನಾನು ಹೇಳುತ್ತೇನೆ. ಮಾರುವವರು ಇದನ್ನು ಸರಪಳಿಯ ಜೊತೆಗೇ ಕೊಡಬೇಕಿತ್ತು, ಇಲ್ಲವೇ ಬೇಕಾಗುತ್ತದೆ ಎಂದಾದರೂ ತಿಳಿಸಬೇಕಿತ್ತು.

ಕೆಳಗಿನ ತುದಿಯ ವಿಚಾರವಾಗಿಯೂ ಇಷ್ಟೇ ಯೋಚಿಸಬೇಕಾಯಿತು. ತುದಿಯನ್ನು ಬಿಗಿದು ಕಟ್ಟದಿದ್ದರೆ ಗಾಳಿಗೆ ಸರಪಳಿ ತೊಟ್ಟಿಲಿನಂತೆ ತೂಗುತ್ತದೆ, ಕಂಬಕ್ಕೆ ಬಡಿಯುತ್ತದೆ, ನೀರನ್ನು ಅತ್ತಿತ್ತ ಎರಚುತ್ತದೆ. ಜಪಾನಿನಲ್ಲಿ ಅದನ್ನು ಬೆಣಚುಕಲ್ಲುಗಳ ಹಾಸಿನ ಮೇಲೋ ದೊಡ್ಡ ತೊಟ್ಟಿಯೊಳಗೋ ಇಳಿಬಿಡುತ್ತಾರೆ. ನಮ್ಮ ಮನೆಯ ಹಿತ್ತಿಲಿನಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಹಳೆಯ ಒರಳುಕಲ್ಲು ಆ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಒದಗಿತು. ಅದರ ಭಾರಕ್ಕೆ ಸರಪಳಿ ಅಲುಗುವುದಿಲ್ಲ. ಕುಳಿಯ ದುಂಡನೆಯ ಆಕಾರಕ್ಕೆ ನೀರು ಸುತ್ತಿ ಸಮಾಧಾನಗೊಂಡು ಅಂಚಿನಿಂದ ಮೆಲ್ಲಗೆ ಹರಿಯುತ್ತದೆ. ಕುಳಿಯ ತಳಕ್ಕೆ ಸೀಸದಲ್ಲಿ ಒಂದು ಕೊಂಡಿ ಕೂರಿಸಿ, ಸರಪಳಿಯ ತುದಿಯನ್ನು ಅದಕ್ಕೆ ಸಿಕ್ಕಿಸಿದ್ದೇವೆ. ಒರಳಿನ ಸುತ್ತ ಎರಡಡಿ ಅಗಲಕ್ಕೆ ಹೊಳೆಯ ಉರುಟುಕಲ್ಲುಗಳನ್ನು ಹರಡಿದ್ದರಿಂದ ಕೆಮ್ಮಣ್ಣು ಸಿಡಿಯುವುದು ಪೂರ್ತಿ ನಿಂತಿದೆ. ಅಲ್ಲಿಂದ ನೀರು ಕಲ್ಲು ಕಟ್ಟಿದ ಸಣ್ಣ ಕಾಲುವೆಯಲ್ಲಿ ಹತ್ತಡಿ ದೂರದ ಇಂಗುಗುಂಡಿಗೆ ಹೋಗುತ್ತದೆ. ಮನೆಯ ತಳಪಾಯದ ಪಕ್ಕದಲ್ಲೇ ನೀರು ಇಂಗಲು ಬಿಡಬಾರದು, ಅದರಲ್ಲೂ ಜಂಬಿಟ್ಟಿಗೆಯ ಗೋಡೆಗಳಿರುವ ಮನೆಯಲ್ಲಿ. ಆ ಕಲ್ಲು ನೀರನ್ನು ಹೀರಿಕೊಂಡರೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಒರಳಿನಲ್ಲಿ ಉಳಿಯುವ ನೀರು ಸೊಳ್ಳೆಗೆ ತವರಾಗುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿಯೇ, ಮತ್ತು ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ಕುಳಿಯನ್ನು ಅಂಚಿನ ತನಕ ಬೆಣಚುಕಲ್ಲುಗಳಿಂದ ತುಂಬಿ, ಮಳೆ ಬಿಡುವು ಕೊಟ್ಟಾಗ ವಾರಕ್ಕೊಮ್ಮೆ ಹಳೆಯ ಬಟ್ಟೆಯಿಂದ ನೀರನ್ನು ಹೀರಿ ತೆಗೆಯುತ್ತೇವೆ. ಗಪ್ಪಿ ಮೀನು ಬಿಡಿ ಎಂದು ಕೆಲವರು ಹೇಳಿದರೂ ನಾನು ಬಿಡಲಿಲ್ಲ, ಏಕೆಂದರೆ ತಾಮ್ರದ ಮೇಲೆ ಹರಿದ ನೀರಿನಲ್ಲಿ ತಾಮ್ರದ ಅಂಶ ಸ್ವಲ್ಪವಾದರೂ ಕರಗಿರುತ್ತದೆ, ಮೀನಿಗೂ ಬಸವನಹುಳುವಿಗೂ ಅದು ಕೆಡುಕು. ತಾವರೆ ಕುಂಡದಲ್ಲಿ ಮೀನು ಸಾಕಿರುವವರು ತಾಮ್ರದ ಸರಪಳಿಯ ನೀರನ್ನು ಅದಕ್ಕೆ ಬಿಡಬಾರದು.

ಲೋಹದ ವಿಚಾರದಲ್ಲಿ ನನಗೆ ಆದ ಮೋಸವನ್ನೂ ಹೇಳುತ್ತೇನೆ. ಮೊದಲು ಬಂದ ಸರಪಳಿಯ ಪೆಟ್ಟಿಗೆಯ ಮೇಲೆ ‘ಶುದ್ಧ ತಾಮ್ರ’ ಎಂದೇ ಇತ್ತು. ಕೈಗೆ ಬಂದಾಗ ಹೊಳಪು ಅತಿಯಾಗಿ ಕಂಡದ್ದರಿಂದ ಒಂದು ಅಯಸ್ಕಾಂತವನ್ನು ಹತ್ತಿರ ಹಿಡಿದೆ, ಬಟ್ಟಲು ಅದಕ್ಕೆ ಅಂಟಿಕೊಂಡಿತು. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದು ತಾಮ್ರದ ಲೇಪ ಬಳಿದ ಕಬ್ಬಿಣವಾಗಿತ್ತು. ವಾಪಸು ಕಳಿಸಿ, ಹಣ ಮರಳಿ ಪಡೆದು, ಬೇರೊಬ್ಬ ಮಾರಾಟಗಾರರಿಂದ ಈಗಿನದನ್ನು ತರಿಸಿದೆ. ಲೇಪದ ಸರಪಳಿ ಮಲೆನಾಡಿನ ಒಂದು ಮಳೆಗಾಲವನ್ನೂ ತಾಳಲಾರದು. ಲೇಪ ಸವೆದ ಕಡೆ ತುಕ್ಕು ಹಿಡಿದು, ತುಕ್ಕಿನ ಕೆಂಪು ನೀರು ಕೆಳಗಿನ ಕಲ್ಲುಹಾಸಿಗೆ ಇಳಿಯುತ್ತದೆ, ಮತ್ತು ಆ ಕಲೆ ಉಜ್ಜಿದರೂ ಹೋಗುವುದಿಲ್ಲ. ಈಗಿನ ಸರಪಳಿಯ ಬಟ್ಟಲುಗಳು ಅಯಸ್ಕಾಂತದ ಪರೀಕ್ಷೆಯಲ್ಲಿ ಗೆದ್ದಿವೆ, ಕೊಂಡಿಗಳ ಬಾಯಿಯನ್ನು ಬೆಸುಗೆ ಹಾಕಿ ಮುಚ್ಚಿದ್ದಾರೆ, ಒಟ್ಟು ತೂಕ ಎರಡೂವರೆ ಕಿಲೋ ಇದೆ. ಬಾಯಿ ಮುಚ್ಚದ ಕೊಂಡಿಗಳಿರುವ ಸರಪಳಿಯನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಗಾಳಿಯ ಜಗ್ಗಾಟಕ್ಕೆ ಅವು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ತಾಮ್ರವನ್ನು ಸತುವಿನ ಲೇಪದ ತಗಡಿಗೆ ನೇರವಾಗಿ ತಾಗಿಸಿದ್ದು ನಾನು ಮಾಡಿದ ಇನ್ನೊಂದು ತಪ್ಪು. ಎರಡು ಬೇರೆ ಬೇರೆ ಲೋಹಗಳು ಒದ್ದೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅವುಗಳಲ್ಲಿ ಒಂದು ಬೇಗ ಸವೆಯುತ್ತದೆ, ಮತ್ತು ತಾಮ್ರದ ಜೊತೆ ಸತು ಸೇರಿದಾಗ ಸವೆಯುವುದು ಸತುವೇ. ಎರಡನೇ ವರ್ಷ ಕೊಕ್ಕೆ ಕೂತಿದ್ದ ಜಾಗದಲ್ಲಿ ದೋಣಿಯ ತಗಡಿನ ಮೇಲೆ ಮೊದಲು ಬಿಳಿಯ ಪುಡಿ, ಆಮೇಲೆ ಕೆಂಪು ತುಕ್ಕು ಕಾಣಿಸಿತು. ಈಗ ಕೊಕ್ಕೆಯನ್ನು ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಬದಲಿಸಿ, ಅದರ ಕೆಳಗೆ ಸೈಕಲ್ ಟ್ಯೂಬಿನ ತುಂಡನ್ನು ಇಟ್ಟಿದ್ದೇನೆ. ಪಿವಿಸಿ ದೋಣಿ ಇರುವ ಮನೆಗಳಿಗೆ ಈ ತೊಂದರೆಯಿಲ್ಲ, ಆದರೆ ಅಲ್ಲಿ ದೋಣಿ ಭಾರಕ್ಕೆ ಬಾಗದಂತೆ ಬಾಯಿಯ ಎರಡೂ ಪಕ್ಕ ಒಂದೊಂದು ಹೆಚ್ಚಿನ ಕ್ಲಾಂಪು ಬೇಕು. ಬಣ್ಣದ ವಿಷಯದಲ್ಲಿ ಆಸೆ ಹೆಚ್ಚು ಇಟ್ಟುಕೊಳ್ಳಬಾರದು. ಜಾಹೀರಾತಿನಲ್ಲಿ ಕಾಣುವ ಹಸಿರು ಛಾಯೆ ಬರಲು ವರ್ಷಗಳೇ ಬೇಕು. ನಮ್ಮದು ಮೊದಲ ತಿಂಗಳಲ್ಲೇ ಹೊಳಪು ಕಳೆದುಕೊಂಡು, ಈಗ ಹಳೆಯ ಹಂಡೆಯ ಹೊರಮೈಯಂಥ ಗಾಢ ಕಂದು ಬಣ್ಣಕ್ಕೆ ತಿರುಗಿದೆ. ಹಲಸಿನ ಕಂಬದ ಪಕ್ಕದಲ್ಲಿ ಅದು ಹೊಸದಿದ್ದಾಗಿನದಕ್ಕಿಂತ ಚೆನ್ನಾಗಿ ಒಪ್ಪುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕುವ ಯೋಚನೆ ನನಗಿಲ್ಲ.

ಬಟ್ಟಲುಗಳಿಲ್ಲದ, ಬರಿಯ ಬಳೆಗಳಂಥ ಕೊಂಡಿಗಳ ಸರಪಳಿಯೂ ಸಿಗುತ್ತದೆ, ಬೆಲೆಯೂ ಕಡಿಮೆ. ಮೈಸೂರಿನಲ್ಲಿರುವ ನನ್ನ ಅಕ್ಕ ಕಪ್ಪು ಬಣ್ಣ ಹಾಕಿದ ಅಲ್ಯೂಮಿನಿಯಮ್ಮಿನ ಅಂಥದ್ದೊಂದನ್ನು 1,900 ರೂಪಾಯಿಗೆ ಕೊಂಡು ತಾರಸಿ ಮನೆಯ ಪೋರ್ಟಿಕೋದ ಮೂಲೆಗೆ ತೂಗುಹಾಕಿದ್ದಾಳೆ. ನೋಡಲು ಅದು ತೆಳ್ಳಗೆ, ಅಚ್ಚುಕಟ್ಟಾಗಿದೆ, ಹೊಸ ಕಾಲದ ಮನೆಗೆ ಬಟ್ಟಲಿನದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಆದರೆ ಅದರಲ್ಲಿ ನೀರು ಕೊಂಡಿಯಿಂದ ಕೊಂಡಿಗೆ ದಾಟುವಾಗಲೆಲ್ಲ ಸಣ್ಣಗೆ ಸಿಡಿಯುತ್ತದೆ, ಆದ್ದರಿಂದ ಗೋಡೆಯಿಂದ ಒಂದೂವರೆ ಅಡಿಯಾದರೂ ದೂರವಿರಬೇಕು. ವರ್ಷಕ್ಕೆ 800 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುವ ಮೈಸೂರಿನಲ್ಲಿ, ನೂರು ಚದರ ಅಡಿಯ ಪೋರ್ಟಿಕೋಗೆ, ಅದು ಸಾಕಷ್ಟೇ ಆಗಿದೆ. ಅದನ್ನೇ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಮಾಡೊಂದಕ್ಕೆ ಯಾರಾದರೂ ಹಾಕಹೊರಟರೆ ನಾನು ಖಂಡಿತ ತಡೆಯುತ್ತೇನೆ. ಜಗಲಿಯ ಹಳೆಯ ಉಯ್ಯಾಲೆಯ ಹಿತ್ತಾಳೆ ಸರಪಳಿಯನ್ನೂ ಒಂದು ವಾರ ಪರೀಕ್ಷಿಸಿದೆ. ದಪ್ಪ ಸಲಾಕೆ, ನಡುನಡುವೆ ಗಿಣಿ, ಆನೆಗಳಿರುವ ಆ ಸರಪಳಿಯ ಚೆಲುವಿಗೆ ಅಂಗಡಿಯ ಯಾವ ಮಾದರಿಯೂ ಸಾಟಿಯಲ್ಲ, ಆದರೆ ಉದ್ದನೆಯ ಸಲಾಕೆಗಳು ಓರೆಯಾದಾಗ ನೀರು ಗೊಂಬೆಯ ಮೂಗಿನಿಂದಲೋ ಸೊಂಡಿಲಿನಿಂದಲೋ ಹೊರಕ್ಕೆ ಹಾರುತ್ತದೆ. ಅದನ್ನು ಒರೆಸಿ ಮತ್ತೆ ಉಯ್ಯಾಲೆಗೇ ಹಾಕಿದೆವು.

ನೋಡಿಕೊಳ್ಳುವ ಕೆಲಸ ಹೆಚ್ಚಿಲ್ಲವಾದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬೇಸಿಗೆಯಲ್ಲಿ ಕುಂಬಾರಹುಳುಗಳು ಬಟ್ಟಲಿನ ತೂತುಗಳಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ. ಕಳೆದ ವರ್ಷ ಮೊದಲ ಮಳೆಗೆ ಮೂರನೇ ಬಟ್ಟಲು ತುಂಬಿ ಪಕ್ಕಕ್ಕೆ ಚೆಲ್ಲಿದಾಗಲೇ ನನಗದು ತಿಳಿದದ್ದು. ಈಗ ರೋಹಿಣಿ ಮಳೆಗೆ ಮುಂಚೆ ಹಿಡಿಕಡ್ಡಿಯಿಂದ ಎಲ್ಲ ತೂತುಗಳನ್ನೂ ಬಿಡಿಸುತ್ತೇನೆ, ಅರ್ಧ ಗಂಟೆಯ ಕೆಲಸ. ಮಾವಿನ ಎಲೆ ಬೀಳುವ ಜಾಗವಾದರೆ ದೋಣಿಯ ಬಾಯಿಗೆ ಜಾಳಿಗೆ ಬೇಕೇ ಬೇಕು. ಪೈಪು ಕಟ್ಟಿಕೊಂಡರೆ ಎಲ್ಲಿ ಕಟ್ಟಿದೆ ಎಂದು ಹುಡುಕುವುದೇ ದೊಡ್ಡ ಕೆಲಸ, ಸರಪಳಿಯಲ್ಲಿ ಅದು ಕಣ್ಣೆದುರಿಗೇ ಕಾಣುತ್ತದೆ ಎಂಬುದನ್ನು ಅದರ ಒಳ್ಳೆಯ ಗುಣವಾಗಿಯೇ ಎಣಿಸುತ್ತೇನೆ.

ಮಳೆನೀರನ್ನು ತೊಟ್ಟಿಗೆ ಹಿಡಿದಿಡುವವರಿಗೆ ಮಾತ್ರ ನನ್ನ ಸಲಹೆ ಬೇರೆ. ಬೆಂಗಳೂರಿನಲ್ಲಿ 2009ರ ತಿದ್ದುಪಡಿಯ ನಂತರ 30×40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳಲ್ಲಿ ಕಟ್ಟುವ ಹೊಸ ಮನೆಗಳಿಗೆ, 60×40 ಅಡಿ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಆ ಲೆಕ್ಕಕ್ಕೆ ಒಳಪಡುವ ತಾರಸಿಯ ನೀರನ್ನು ಸರಪಳಿಯಲ್ಲಿ ಇಳಿಸುವುದು ತರವಲ್ಲ. ಮೊದಲ ಮಳೆಯ ಕೊಳೆನೀರನ್ನು ಬೇರ್ಪಡಿಸುವ ಕವಾಟ, ಆಮೇಲಿನ ಶೋಧಕ ಇವೆಲ್ಲ ಮುಚ್ಚಿದ ಪೈಪಿಗೆ ಹೊಂದುವಂತೆ ಇರುತ್ತವೆ. ಬಯಲಲ್ಲಿ ಇಳಿಯುವ ನೀರಿಗೆ ದಾರಿಯಲ್ಲಿ ಧೂಳೂ ಸೇರುತ್ತದೆ, ತುಳುಕಿ ನಷ್ಟವೂ ಆಗುತ್ತದೆ. ಪೋರ್ಟಿಕೋ, ಕಿಟಕಿಯ ಮೇಲಿನ ಚಜ್ಜ, ಮೆಟ್ಟಿಲ ಮೇಲಿನ ಮಾಡು ಇಂಥ ಸಣ್ಣ ಭಾಗಗಳ ನೀರು ಗಿಡಕ್ಕೋ ಇಂಗುಗುಂಡಿಗೋ ಹೋಗುವುದಾದರೆ ಅಲ್ಲಿ ಸರಪಳಿ ಹಾಕಲು ಏನೂ ಅಡ್ಡಿಯಿಲ್ಲ.

ಅಕ್ಕ ಈ ವರ್ಷ ತಾರಸಿಯಿಂದ ನೆಲದೊಳಗಿನ ನೀರಿನ ತೊಟ್ಟಿಗೆ ಇಳಿಯುವ ಪೈಪನ್ನೂ ತೆಗೆದು ಅಲ್ಲಿಗೊಂದು ತಾಮ್ರದ ಬಟ್ಟಲು ಸರಪಳಿ ಹಾಕಿಸಬೇಕೆಂದು ಕೇಳಿದಳು. ಆ ಪೈಪನ್ನು ಹಾಗೆಯೇ ಬಿಟ್ಟು ಅದರ ಮೇಲೆ ಶಂಖಪುಷ್ಪದ ಬಳ್ಳಿ ಹಬ್ಬಿಸಿದ್ದೇವೆ. ಅವಳ ಬಟ್ಟಲು ಸರಪಳಿಯನ್ನು ತುಳಸಿಕಟ್ಟೆಯ ಪಕ್ಕದ ಚಜ್ಜಕ್ಕೆ ತೂಗುಹಾಕಲು ಜಾಗ ಗುರುತಿಸಿದ್ದೇವೆ. ಆಲಿಕೆಯನ್ನು ನಮ್ಮೂರಿನ ತಗಡಿನ ಕೆಲಸದವರಿಂದಲೇ ಮಾಡಿಸಿ ಕಳಿಸಿದ್ದೇನೆ, ಈ ಸಲ ಅದರ ಕೆಳಬಾಯಿ ಒಂದು ಅಂಗುಲ.